ಹರಕೆಯೂ ಕರೆಯೂ: ಕ್ರೈಸ್ತ ಪರಂಪರೆ ಕಲಿತ ವಿವೇಚನೆ

ಕ್ರೈಸ್ತ ಬದುಕಿನ ಇತಿಹಾಸದಲ್ಲಿ ದೇವರ ಕರೆಯೂ ಮನುಷ್ಯನು ದೇವರಿಗೆ ಹೊರುವ ಹರಕೆಯೂ ಮೊದಲಿನಿಂದಲೂ ಅಕ್ಕಪಕ್ಕದಲ್ಲಿ ನಡೆದುಬಂದಿವೆ. ಕರೆಯೆಂದರೆ ಒಬ್ಬ ವ್ಯಕ್ತಿಯನ್ನು ಇಂಥದೇ ಬಾಳಿಗೆ, ಇಂಥದೇ ಸೇವೆಗೆ ದೇವರೇ ಆರಿಸಿಕೊಂಡಿದ್ದಾನೆಂಬ ನಂಬಿಕೆ. ಅಲ್ಲಿ ಮೊದಲ ಮಾತು ದೇವರದು, ಮನುಷ್ಯನದು ಮರುಮಾತು. ಹರಕೆಯಲ್ಲಿ, ಅಂದರೆ ಸಂಕಟದಲ್ಲೋ ಕೃತಜ್ಞತೆಯಲ್ಲೋ ಭಕ್ತಿಯ ಆವೇಶದಲ್ಲೋ ಮನುಷ್ಯನು ತಾನಾಗಿ ದೇವರಿಗೆ ಕೊಡುವ ವಚನದಲ್ಲಿ, ಮೊದಲ ಮಾತು ಮನುಷ್ಯನದೇ. ತತ್ತ್ವದಲ್ಲಿ ಇಷ್ಟು ಸ್ಪಷ್ಟವಾಗಿರುವ ಭೇದ ಬದುಕಿನಲ್ಲಿ ಬಹುಬೇಗ ಮಸಕಾಗುತ್ತದೆ, ಏಕೆಂದರೆ ಮನೆ ಬಿಡುವುದು, ಮದುವೆಯನ್ನು ತ್ಯಜಿಸುವುದು, ದೂರದ ಯಾತ್ರೆಗೆ ಹೊರಡುವುದು ಮುಂತಾದ ಹೊರಗಿನ ಲಕ್ಷಣಗಳು ಎರಡರಲ್ಲೂ ಒಂದೇ ಆಗಿರುತ್ತವೆ. ಅದಲ್ಲದೆ ಭಯದಲ್ಲಿ ಆಡಿದ ಮಾತು ಕಾಲ ಕಳೆದಂತೆ ಆಡಿದವನ ಕಿವಿಗೇ ದೇವರ ಧ್ವನಿಯಾಗಿ ಕೇಳಿಸತೊಡಗುತ್ತದೆ. ಈ ಮಸಕಿನಲ್ಲಿ ಸಿಕ್ಕಿ ಬಳಲಿದವರು ಬಹಳ ಮಂದಿ, ಮತ್ತು ಕ್ರೈಸ್ತ ಸಭೆ, ಅಂದರೆ ವಿಶ್ವಾಸಿಗಳ ಸಮುದಾಯ, ಈ ವಿಷಯದಲ್ಲಿ ಏನನ್ನು ಕಲಿತಿದೆಯೋ ಅದನ್ನು ಅವರ ಬಳಲಿಕೆಯಿಂದಲೇ ಕಲಿತಿದೆ. ಆ ಕಲಿಕೆಯ ಬಹುಭಾಗ ಕಾಯಿಸುವ, ಇತರರಿಂದ ವಿಚಾರಣೆ ಮಾಡಿಸುವ, ಹಿಂದಿರುಗಲು ದಾರಿ ತೆರೆದಿಡುವ ಕಟ್ಟಳೆಗಳ ರೂಪದಲ್ಲಿ ಉಳಿದುಬಂದಿದೆ.

ಇದರ ಬೇರು ಹೀಬ್ರೂ ಧರ್ಮಗ್ರಂಥದಲ್ಲಿ, ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಓದುವ ಭಾಗದಲ್ಲಿದೆ. ನ್ಯಾಯಸ್ಥಾಪಕರ ಪುಸ್ತಕದ 11ನೆಯ ಅಧ್ಯಾಯದಲ್ಲಿ ಯೆಫ್ತಾಹನೆಂಬ ದಂಡನಾಯಕನು ಅಮ್ಮೋನಿಯರ ಮೇಲೆ ಜಯ ದೊರೆತರೆ ತನ್ನನ್ನು ಎದುರುಗೊಳ್ಳಲು ಮನೆಯ ಬಾಗಿಲಿನಿಂದ ಮೊದಲು ಬಂದದ್ದನ್ನು ಬಲಿಯಾಗಿ ಅರ್ಪಿಸುವೆನೆಂದು ಹರಕೆ ಹೊರುತ್ತಾನೆ; ದಮ್ಮಡಿ ಬಡಿಯುತ್ತ ಕುಣಿಯುತ್ತ ಬಂದವಳು ಅವನ ಒಬ್ಬಳೇ ಮಗಳು. ಈ ಕಥೆಯ ಭೀಕರತೆಯನ್ನು ಎಲ್ಲರೂ ಕಾಣುತ್ತಾರಾದರೂ ಅದರ ಒಂದು ವಿವರ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ: ಹರಕೆ ಹೊರುವುದಕ್ಕೆ ಮೊದಲೇ ದೇವರ ಆತ್ಮವು ಯೆಫ್ತಾಹನ ಮೇಲೆ ಬಂದಿತ್ತೆಂದು ಅದೇ ಅಧ್ಯಾಯ ಹೇಳುತ್ತದೆ. ಕರೆ ಆಗಲೇ ದೊರೆತಿದ್ದವನು ಅದು ಸಾಲದೆಂಬಂತೆ ತನ್ನ ಕಡೆಯಿಂದ ಒಂದು ಕರಾರನ್ನು ಸೇರಿಸಿದನು, ದೇವರು ಕೇಳದಿದ್ದ ಆ ಕರಾರೇ ಅವನ ಮನೆಯನ್ನು ಹಾಳುಮಾಡಿತು. ಇದಕ್ಕೆ ಎದುರಾಗಿ ಸಮುವೇಲನ ಮೊದಲ ಪುಸ್ತಕದಲ್ಲಿ ಬಾಲಕ ಸಮುವೇಲನು ರಾತ್ರಿಯಲ್ಲಿ ತನ್ನ ಹೆಸರನ್ನು ಕೇಳಿ ಮೂರು ಸಲ ವೃದ್ಧ ಯಾಜಕ ಏಲಿಯ ಬಳಿಗೆ ಓಡುತ್ತಾನೆ. ಅದು ಯಾರ ಧ್ವನಿಯೆಂಬುದನ್ನು ಗುರುತಿಸಿದವನು ಧ್ವನಿಯನ್ನು ಕೇಳಿದ ಹುಡುಗನಲ್ಲ, ಕೇಳದಿದ್ದ ಮುದುಕ.

ಹರಕೆಯನ್ನು ಇಸ್ರಾಯೇಲರ ಧರ್ಮಶಾಸ್ತ್ರ ನಿಷೇಧಿಸಲಿಲ್ಲ, ಆದರೆ ಅದಕ್ಕೆ ಬೇಲಿ ಹಾಕಿತು. ಹರಕೆ ಹೊತ್ತರೆ ತೀರಿಸಲು ತಡಮಾಡಬಾರದೆಂದೂ, ಹೊರದೆ ಇದ್ದರೆ ಅದರಲ್ಲಿ ಪಾಪವೇನೂ ಇಲ್ಲವೆಂದೂ ಧರ್ಮೋಪದೇಶಕಾಂಡ ತಿಳಿಸುತ್ತದೆ. ವ್ಯಕ್ತಿಯನ್ನೇ ಹರಕೆಯಾಗಿ ಒಪ್ಪಿಸಿದಾಗ ಅದನ್ನು ಬೆಳ್ಳಿಯ ನಾಣ್ಯಗಳಿಂದ ಬಿಡಿಸಿಕೊಳ್ಳಲು ಯಾಜಕಕಾಂಡದ 27ನೆಯ ಅಧ್ಯಾಯ ವಯಸ್ಸಿಗೆ ತಕ್ಕ ದರಗಳನ್ನು ಗೊತ್ತುಪಡಿಸಿದೆ, ಮತ್ತು ಅಷ್ಟನ್ನು ಕೊಡಲಾರದ ಬಡವನಿಗೆ ಅವನ ಶಕ್ತಿಯನ್ನು ನೋಡಿ ಯಾಜಕನೇ ದರವನ್ನು ಇಳಿಸಬೇಕೆಂದು ವಿಧಿಸಿದೆ. ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಧೋರಣೆ ಇನ್ನೂ ನಿಷ್ಠುರವಾಗಿದೆ. ತಂದೆತಾಯಿಗೆ ಸಲ್ಲಬೇಕಾದ ಸೊತ್ತನ್ನು ‘ಕೊರ್ಬಾನ್’ ಎಂದು, ಅಂದರೆ ದೇವರಿಗೆ ಮುಡಿಪೆಂದು ಸಾರಿ ಅವರನ್ನು ಕೈಬಿಡುವವರನ್ನು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಅವನು ಖಂಡಿಸುತ್ತಾನೆ. ದೇವರ ಹೆಸರಿನಲ್ಲಿ ಮಾಡಿದ ಸ್ವಯಂಕೃತ ವಚನವು ದೇವರ ಸ್ಪಷ್ಟ ಆಜ್ಞೆಯನ್ನೇ ಮೀರಬಹುದೆಂಬ ಈ ತಿಳುವಳಿಕೆ ಸಾವಿರದ ಐನೂರು ವರ್ಷಗಳ ನಂತರ ಜರ್ಮನಿಯಲ್ಲಿ ದೊಡ್ಡ ಬಿರುಗಾಳಿಯನ್ನೇ ಎಬ್ಬಿಸಲಿತ್ತು.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಸಾವಿರಾರು ತಪಸ್ವಿಗಳು ಹೊರಟಾಗ ಈ ಪ್ರಶ್ನೆ ಮೊದಲ ಬಾರಿಗೆ ದಿನನಿತ್ಯದ ಪ್ರಶ್ನೆಯಾಯಿತು. ಅವರೆಲ್ಲರಿಗೆ ಮಾದರಿಯಾದ ಅಂತೋಣಿಯ ಜೀವನಚರಿತ್ರೆಯನ್ನು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದಿದ್ದಾನೆ. ಅದರ ಪ್ರಕಾರ ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡಬೇಕೆಂಬ ಸುವಾರ್ತೆಯ ವಾಕ್ಯವನ್ನು ಅಂತೋಣಿ ಕೇಳಿದ್ದು ಚರ್ಚಿನಲ್ಲಿ, ಎಲ್ಲರ ನಡುವೆ, ಮತ್ತು ಆಸ್ತಿಯನ್ನು ಬಿಟ್ಟುಕೊಟ್ಟ ಮೇಲೆ ಅವನು ಮಾಡಿದ ಕೆಲಸ ನೆರೆಯ ಹಳ್ಳಿಯ ಒಬ್ಬ ವೃದ್ಧ ತಪಸ್ವಿಯನ್ನು ಮಾದರಿಯಾಗಿ ಅನುಸರಿಸಿದ್ದು. ಮರುಭೂಮಿಯ ಹಿರಿಯರು ಎಲ್ಲ ಸದ್ಗುಣಗಳ ತಾಯಿಯೆಂದು ಎಣಿಸಿದ್ದು ವಿವೇಚನೆಯನ್ನು, ಅಂದರೆ ಮನಸ್ಸಿನಲ್ಲಿ ಹುಟ್ಟುವ ಪ್ರೇರಣೆ ದೇವರಿಂದ ಬಂದದ್ದೋ, ಸೈತಾನನಿಂದ ಬಂದದ್ದೋ, ತನ್ನಿಂದಲೇ ಹೊಮ್ಮಿದ್ದೋ ಎಂದು ಬೇರ್ಪಡಿಸುವ ಸಾಮರ್ಥ್ಯವನ್ನು. ಅವರ ಮಾತುಕತೆಗಳನ್ನು ಐದನೆಯ ಶತಮಾನದ ಮೊದಲ ಭಾಗದಲ್ಲಿ ಲ್ಯಾಟಿನ್ ಭಾಷೆಗೆ ತಂದ ಜಾನ್ ಕ್ಯಾಸಿಯನ್ ತನ್ನ ‘ಸಂವಾದಗಳು’ ಗ್ರಂಥದಲ್ಲಿ ಹೆರೋನ್ ಎಂಬ ಮುದುಕನ ಪ್ರಸಂಗವನ್ನು ದಾಖಲಿಸಿದ್ದಾನೆ. ಐವತ್ತು ವರ್ಷ ಕಠೋರ ಉಪವಾಸ ಮಾಡಿದ, ಪಾಸ್ಕದ ದಿನ ಕೂಡ ತನ್ನ ನೇಮ ಸಡಿಲವಾದೀತೆಂದು ಸಹೋದರರೊಂದಿಗೆ ಊಟಕ್ಕೆ ಕೂರದ ಆ ತಪಸ್ವಿ, ಕೊನೆಗೆ ದೇವದೂತನೆಂದು ತಾನು ನಂಬಿದ ಧ್ವನಿಯ ಮಾತಿನಂತೆ ಆಳವಾದ ಬಾವಿಗೆ ಹಾರಿದನು; ಮೇಲೆತ್ತಿದ ಮೇಲೂ ಮೋಸಹೋದೆನೆಂದು ಒಪ್ಪದೆ ಮೂರನೆಯ ದಿನ ಪ್ರಾಣಬಿಟ್ಟನು. ಹಿರಿಯರು ಇದರಲ್ಲಿ ಕಂಡ ದೋಷ ಉಪವಾಸದ್ದಲ್ಲ, ತಾನೇ ವಿಧಿಸಿಕೊಂಡ ನೇಮವನ್ನು ಯಾರ ಮುಂದೆಯೂ ಪರಿಶೀಲನೆಗೆ ಒಡ್ಡದ ಏಕಾಂತದ್ದು.

ಅದೇ ಗ್ರಂಥದ 17ನೆಯ ಸಂವಾದ ಹರಕೆಯ ವಿಷಯವನ್ನೇ ನೇರವಾಗಿ ಎತ್ತಿಕೊಳ್ಳುತ್ತದೆ, ಮತ್ತು ಕ್ಯಾಸಿಯನ್ನನ ಸ್ವಂತ ಸಂಕಟದಿಂದ ಹುಟ್ಟಿದ್ದರಿಂದ ಅದಕ್ಕೆ ವಿಶೇಷ ತೂಕವಿದೆ. ಅವನೂ ಅವನ ಗೆಳೆಯ ಜರ್ಮಾನಸನೂ ಬೆತ್ಲೆಹೇಮಿನ ತಮ್ಮ ಮಠದ ಹಿರಿಯರಿಗೆ ಬೇಗ ಹಿಂದಿರುಗುವೆವೆಂದು ಮಾತುಕೊಟ್ಟು ಈಜಿಪ್ಟಿಗೆ ಬಂದಿದ್ದರು. ಬಂದ ಮೇಲೆ ತಾವು ಹುಡುಕುತ್ತಿದ್ದ ಬಾಳು ಇಲ್ಲಿಯೇ ಇದೆಯೆಂದು ಅವರಿಗೆ ಮನವರಿಕೆಯಾಯಿತು. ಮಾತು ತಪ್ಪಿದರೆ ಸುಳ್ಳುಗಾರರಾಗುತ್ತೇವೆ, ಉಳಿಸಿಕೊಂಡರೆ ದೇವರು ತೋರಿಸಿದ ದಾರಿಯನ್ನು ಬಿಡುತ್ತೇವೆ ಎಂದು ನಿದ್ದೆಗೆಟ್ಟ ಈ ಇಬ್ಬರಿಗೆ ಹಿರಿಯ ಜೋಸೆಫ್ ಕೊಟ್ಟ ಸಲಹೆಯ ಸಾರವೆಂದರೆ, ಅವಸರದ ವಚನವನ್ನು ಮುರಿಯುವ ನಷ್ಟಕ್ಕಿಂತ ಆತ್ಮಕ್ಕೆ ಹಿತವಾದುದನ್ನು ಕಳೆದುಕೊಳ್ಳುವ ನಷ್ಟ ದೊಡ್ಡದು, ಮತ್ತು ಇಂಥ ಇಕ್ಕಟ್ಟಿಗೆ ಮೂಲವಾಗುವ ಖಂಡಿತ ವಚನಗಳನ್ನು ಸನ್ಯಾಸಿಗಳು ಮೊದಲಿಗೇ ಕೊಡಬಾರದು. ಆದರೆ ಅವರು ಮಾತನ್ನು ಮರೆತುಬಿಡಲಿಲ್ಲ; ಏಳು ವರ್ಷಗಳಾದ ಮೇಲೆ ಬೆತ್ಲೆಹೇಮಿಗೆ ಹೋಗಿ, ಹಿರಿಯರ ಸಮ್ಮತಿ ಪಡೆದು, ಮತ್ತೆ ಮರುಭೂಮಿಗೆ ಬಂದರು. ಕರೆ ಹರಕೆಯನ್ನು ಮೀರಿದಾಗಲೂ ಹರಕೆಯ ಎದುರಿನಲ್ಲಿದ್ದ ಮನುಷ್ಯರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದ ಈ ನಡೆ, ಮುಂದಿನ ಶತಮಾನಗಳ ಎಷ್ಟೋ ಪಾಂಡಿತ್ಯಪೂರ್ಣ ವಾದಗಳಿಗಿಂತ ಪಕ್ವವಾದುದು.

ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ತನ್ನ ಮಠಕ್ಕಾಗಿ ಬರೆದ ನಿಯಮಾವಳಿ ಈ ಅನುಭವವನ್ನು ಕಟ್ಟಳೆಯಾಗಿ ಮಾರ್ಪಡಿಸಿತು. ಅದರ 58ನೆಯ ಅಧ್ಯಾಯದಂತೆ ಮಠಕ್ಕೆ ಸೇರಲು ಬಂದವನಿಗೆ ಸುಲಭವಾಗಿ ಬಾಗಿಲು ತೆರೆಯಬಾರದು. ನಾಲ್ಕೈದು ದಿನ ಅವನು ಬಾಗಿಲು ತಟ್ಟುತ್ತಲೇ ಇದ್ದರೆ ಒಳಗೆ ಬಿಟ್ಟು, ಒಬ್ಬ ಹಿರಿಯನ ಕಣ್ಗಾವಲಿನಲ್ಲಿರಿಸಿ, ಎರಡು ತಿಂಗಳಾದ ಮೇಲೆ ಒಮ್ಮೆ, ಮತ್ತೆ ಆರು ತಿಂಗಳಾದ ಮೇಲೆ ಒಮ್ಮೆ, ಮತ್ತೆ ನಾಲ್ಕು ತಿಂಗಳಾದ ಮೇಲೆ ಒಮ್ಮೆ ಇಡೀ ನಿಯಮಾವಳಿಯನ್ನು ಓದಿ ಹೇಳಿ, ಪ್ರತಿ ಸಲವೂ ಇಷ್ಟವಿಲ್ಲದಿದ್ದರೆ ಹೋಗಬಹುದೆಂದು ತಿಳಿಸಬೇಕು. ಹೀಗೆ ಒಂದು ವರ್ಷ ತುಂಬಿದ ಮೇಲಷ್ಟೇ ಅವನು ತನ್ನ ವ್ರತವನ್ನು ಬರಹದಲ್ಲಿ ಬರೆದು ಬಲಿಪೀಠದ ಮೇಲೆ ಇಡುತ್ತಾನೆ. ನೊವಿಷಿಯೇಟ್ ಎಂದು ಇಂದಿಗೂ ಕರೆಯಲಾಗುವ ಪರೀಕ್ಷಾವಧಿ ಇದೇ ಆಗಿದೆ. ಈ ಅಧ್ಯಾಯದ ಕೊನೆಯಲ್ಲಿ ಬರುವ ಇನ್ನೊಂದು ಸಣ್ಣ ವಿಧಿ ಬೆನೆಡಿಕ್ಟನ ಮನುಷ್ಯಜ್ಞಾನಕ್ಕೆ ಸಾಕ್ಷಿ: ಹೊಸಬನು ಕಳಚಿಟ್ಟ ಲೌಕಿಕ ಬಟ್ಟೆಗಳನ್ನು ಎಸೆಯದೆ ಮಠದ ಉಗ್ರಾಣದಲ್ಲಿ ಕಾಪಾಡಬೇಕು, ಏಕೆಂದರೆ ಮುಂದೆಂದಾದರೂ ಅವನು ಹೊರಟುಹೋಗಲು ಮನಸ್ಸು ಮಾಡಿದರೆ ಅವು ಬೇಕಾಗುತ್ತವೆ. ಹೋಗುವುದನ್ನು ನಿಯಮಾವಳಿ ಸೈತಾನನ ಪ್ರೇರಣೆಯೆಂದೇ ಕರೆಯುತ್ತದೆ. ಹಾಗಿದ್ದೂ ಬಟ್ಟೆಗಳನ್ನು ಕಾದಿಡಲು ಹೇಳುತ್ತದೆ.

ಆದರೆ ಅದೇ ನಿಯಮಾವಳಿಯ ಮುಂದಿನ ಅಧ್ಯಾಯ ತಂದೆತಾಯಿಗಳು ಚಿಕ್ಕ ಮಗನನ್ನು ಮಠಕ್ಕೆ ಅರ್ಪಿಸುವ ಪದ್ಧತಿಗೆ ಅವಕಾಶ ಕೊಟ್ಟಿತು; ಮಗುವಿನ ಕೈಯನ್ನು ಬಲಿಪೀಠದ ಬಟ್ಟೆಯಲ್ಲಿ ಸುತ್ತಿ ಒಪ್ಪಿಸಿದರೆ ಹರಕೆ ಮಗುವಿನದೇ ಆಗಿಬಿಡುತ್ತಿತ್ತು. ಜರ್ಮನಿಯ ಫುಲ್ಡಾ ಮಠಕ್ಕೆ ಹೀಗೆ ಒಪ್ಪಿಸಲ್ಪಟ್ಟ ಸ್ಯಾಕ್ಸನ್ ಸರದಾರನ ಮಗ ಗಾಟ್‌ಶಾಕ್ ಬೆಳೆದ ಮೇಲೆ, ತನ್ನ ಸಮ್ಮತಿಯಿಲ್ಲದ ವ್ರತ ತನ್ನನ್ನು ಕಟ್ಟಲಾರದೆಂದು 829ರ ಮೈನ್ಸ್ ಧರ್ಮಸಭೆಯ ಮುಂದೆ ವಾದಿಸಿದನು. ಸಭೆ ಅವನ ಮಾತನ್ನು ಮನ್ನಿಸಿತು, ಆದರೆ ಮಠಾಧಿಪತಿ ರಬಾನಸ್ ಮೌರಸ್ ಅದನ್ನು ವಿರೋಧಿಸಿ ಮಕ್ಕಳ ಅರ್ಪಣೆಯ ಸಮರ್ಥನೆಗೆ ಗ್ರಂಥವನ್ನೇ ಬರೆದನು, ಮತ್ತು ಗಾಟ್‌ಶಾಕ್ ಬದುಕಿನುದ್ದಕ್ಕೂ ಸನ್ಯಾಸಿಯಾಗಿಯೇ ಉಳಿದನು. ಹದಿಮೂರನೆಯ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಹರಕೆಗೆ ಆಲೋಚನೆ, ಸಂಕಲ್ಪ, ವಚನ ಎಂಬ ಮೂರು ಅಂಗಗಳು ಬೇಕೆಂದು ನಿರೂಪಿಸಿ, ಯೆಫ್ತಾಹನು ವಿವೇಚನೆಯಿಲ್ಲದೆ ಹರಕೆ ಹೊತ್ತದ್ದರಿಂದ ಮೂರ್ಖನಾದನು, ಅದನ್ನು ತೀರಿಸಿದ್ದರಿಂದ ಅಧರ್ಮಿಯಾದನು ಎಂಬ ಹಳೆಯ ತೀರ್ಪನ್ನು ಒಪ್ಪಿಕೊಂಡನು. ಪಾಂಡಿತ್ಯದಲ್ಲಿ ಹೀಗೆ ಎಲ್ಲವೂ ನಿಚ್ಚಳವಾಗಿದ್ದರೂ ಜನಜೀವನದಲ್ಲಿ ಹರಕೆಯ ಹಿಡಿತ ಬಿಗಿಯಾಗುತ್ತಲೇ ಹೋಯಿತು. ಸಿಡಿಲು, ಪ್ಲೇಗು, ಹಡಗಿನ ಅಪಘಾತ, ಹೆರಿಗೆಯ ಸಂಕಟ ಇವೆಲ್ಲವೂ ಯುರೋಪಿನ ಜನರನ್ನು ಒಬ್ಬೊಬ್ಬ ಸಂತರ ಹೆಸರಿನಲ್ಲಿ ಮಾತುಕೊಡಲು ದೂಡುತ್ತಿದ್ದವು.

1505ರ ಜುಲೈ 2ರಂದು ಅಂಥದೇ ಒಂದು ಹರಕೆ ಕ್ರೈಸ್ತ ಜಗತ್ತಿನ ಇತಿಹಾಸವನ್ನು ತಿರುಗಿಸಿತು. ಎರ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ಕಾನೂನಿನ ಓದಿಗೆ ತೊಡಗಿದ್ದ ಮಾರ್ಟಿನ್ ಲೂಥರ್ ತಂದೆತಾಯಿಯ ಊರಾದ ಮಾನ್ಸ್‌ಫೆಲ್ಡಿನಿಂದ ಹಿಂದಿರುಗುವಾಗ ಶ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಬಳಿ ಸಿಡಿಲುಮಳೆಗೆ ಸಿಕ್ಕಿ, ಪ್ರಾಣಭಯದಿಂದ ಸಂತ ಅನ್ನಳನ್ನು ಕೂಗಿ, ಬದುಕಿಸಿದರೆ ಸನ್ಯಾಸಿಯಾಗುವೆನೆಂದನು. ಸಂತ ಅನ್ನ ಮರಿಯಮ್ಮನ ತಾಯಿ, ಗಣಿ ಕೆಲಸದವರ ಪಾಲಕಿ. ಲೂಥರನ ತಂದೆ ಹಾನ್ಸ್ ತಾಮ್ರದ ಗಣಿ ಮತ್ತು ಕುಲುಮೆಯ ವ್ಯವಹಾರದಲ್ಲಿದ್ದುದರಿಂದ ಆ ಹೆಸರು ಮಗನ ನಾಲಿಗೆಗೆ ತಾನಾಗಿ ಬಂದಿರಬೇಕು. ಎರಡು ವಾರಗಳಲ್ಲಿ, ಜುಲೈ 17ರಂದು, ಅವನು ಎರ್‌ಫರ್ಟಿನ ಅಗಸ್ಟೀನಿಯನ್ ಮಠವನ್ನು ಸೇರಿದನು. ಹರಕೆ ಹೊತ್ತ ಮೇಲೆ ತನಗೆ ಪಶ್ಚಾತ್ತಾಪವಾಯಿತೆಂದೂ, ಗೆಳೆಯರು ಬೇಡವೆಂದು ತಡೆದರೆಂದೂ, ಆದರೂ ತಾನು ಪಟ್ಟುಬಿಡಲಿಲ್ಲವೆಂದೂ 1539ರಲ್ಲಿ ಊಟದ ಮೇಜಿನ ಮಾತುಕತೆಯಲ್ಲಿ ಅವನೇ ನೆನಪಿಸಿಕೊಂಡದ್ದು ದಾಖಲಾಗಿದೆ. ಮಠದಲ್ಲಿ ನೊವಿಷಿಯೇಟಿನ ವರ್ಷವನ್ನು ಅವನು ಕ್ರಮವಾಗಿ ಮುಗಿಸಿದನು. ಇಲ್ಲಿ ಬೆನೆಡಿಕ್ಟನ ವ್ಯವಸ್ಥೆಯ ಮಿತಿ ಕಾಣುತ್ತದೆ: ಹೊಸಬನು ಕಷ್ಟವನ್ನು ತಾಳಬಲ್ಲನೇ ಎಂಬುದನ್ನು ಆ ಒಂದು ವರ್ಷ ಚೆನ್ನಾಗಿ ಪರೀಕ್ಷಿಸಿತು, ಅವನನ್ನು ಅಲ್ಲಿಗೆ ತಂದದ್ದು ಯಾವುದೆಂಬುದನ್ನು ಪರೀಕ್ಷಿಸಲಿಲ್ಲ.

ಆ ಪ್ರಶ್ನೆಯನ್ನು ಎತ್ತಿದವನು ತಂದೆ. 1507ರ ಮೇ 2ರಂದು ಲೂಥರ್ ಗುರುದೀಕ್ಷೆಯ ನಂತರದ ಮೊದಲ ಪೂಜೆಯನ್ನು ಅರ್ಪಿಸಿದಾಗ ಹಾನ್ಸ್ ಇಪ್ಪತ್ತು ಕುದುರೆ ಸವಾರರೊಂದಿಗೆ ಬಂದು ಮಠಕ್ಕೆ ಉದಾರವಾಗಿ ಹಣಕೊಟ್ಟನು. ಊಟದ ಹೊತ್ತಿನಲ್ಲಿ ಮಗನು ತನ್ನನ್ನು ಸ್ವರ್ಗದ ಭೀತಿಗಳೇ ಕರೆದವೆಂದು ಸಮರ್ಥಿಸಿಕೊಂಡಾಗ, ಅದು ಭ್ರಮೆಯೂ ಸೈತಾನನ ಆಟವೂ ಆಗಿರದಿದ್ದರೆ ಸಾಕೆಂದನು. ತಂದೆತಾಯಿಗೆ ವಿಧೇಯನಾಗಿರಬೇಕೆಂಬ ಆಜ್ಞೆಯನ್ನು ಕೇಳಿಲ್ಲವೇ ಎಂದೂ ವಿಚಾರಿಸಿದನು. ಓದುಬರಹದಲ್ಲಿ ಮಗನಿಗೆ ಸಾಟಿಯಲ್ಲದ ಆ ಗಣಿ ವ್ಯವಹಾರಸ್ಥನ ಮಾತು ಯೇಸುವಿನ ಕೊರ್ಬಾನ್ ಬೋಧನೆಯ ಸಾರವೇ ಆಗಿತ್ತು. ಲೂಥರ್ ಆಗ ಅದನ್ನು ತಳ್ಳಿಹಾಕಿದನಾದರೂ ಅದು ಅವನ ಮನಸ್ಸಿನಿಂದ ಹೋಗಲಿಲ್ಲ.

ಹದಿನಾಲ್ಕು ವರ್ಷಗಳ ನಂತರ, ಧರ್ಮಸಭೆಯ ಬೋಧನೆಗಳನ್ನು ಪ್ರಶ್ನಿಸಿದ್ದಕ್ಕಾಗಿ ವರ್ಮ್ಸ್ ನಗರದ ರಾಜಸಭೆಯಲ್ಲಿ ಚಕ್ರವರ್ತಿಯ ಎದುರು ನಿಂತು ಬಹಿಷ್ಕೃತನಾಗಿ ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ, ಅವನು ಸನ್ಯಾಸವ್ರತಗಳ ಕುರಿತು ಲ್ಯಾಟಿನ್ ಗ್ರಂಥವೊಂದನ್ನು ಬರೆದು, 1521ರ ನವೆಂಬರ್ 21ರ ತಾರೀಖಿನ ಪತ್ರದ ರೂಪದಲ್ಲಿ ಅದನ್ನು ತಂದೆಗೆ ಅರ್ಪಿಸಿದನು. ತಾನು ಮನಸಾರೆ ಬಯಸಿ ಸನ್ಯಾಸಿಯಾಗಲಿಲ್ಲ, ಹಠಾತ್ ಮರಣದ ಭೀತಿ ಸುತ್ತುವರಿದಾಗ ಬಲವಂತದ ಹರಕೆ ಹೊತ್ತೆನೆಂದು ಆ ಪತ್ರದಲ್ಲಿ ಅವನು ಒಪ್ಪಿಕೊಂಡಿದ್ದಾನೆ. ಗ್ರಂಥದ ವಾದ ಜನಪ್ರಿಯ ತಿಳುವಳಿಕೆಗಿಂತ ಸೂಕ್ಷ್ಮವಾದುದು. ಎಲ್ಲ ವ್ರತಗಳೂ ಕೆಟ್ಟವೆಂದು ಲೂಥರ್ ಹೇಳಲಿಲ್ಲ. ವ್ರತದಿಂದ ಮೋಕ್ಷವನ್ನು ಗಳಿಸುವೆನೆಂಬ ಭಾವನೆ ವಿಶ್ವಾಸಕ್ಕೆ ವಿರುದ್ಧವೆಂದೂ, ಸ್ವತಂತ್ರ ಮನಸ್ಸಿನಿಂದ ಕೈಗೊಂಡು ಸ್ವತಂತ್ರ ಮನಸ್ಸಿನಿಂದ ಬಿಡಬಹುದಾದ ವ್ರತ ಮಾತ್ರ ಕ್ರೈಸ್ತನಿಗೆ ತಕ್ಕದ್ದೆಂದೂ ವಾದಿಸಿದನು. ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡನಂಥವರು ಮಠದಲ್ಲಿದ್ದೂ ವಿಶ್ವಾಸದಿಂದಲೇ ಬದುಕಿದರೆಂದು ಗೌರವದಿಂದ ಸ್ಮರಿಸಿದನು. ವಿಟೆನ್‌ಬರ್ಗಿಗೆ ಹಿಂದಿರುಗಿದ ಮೇಲೆ 1522ರ ಮಾರ್ಚಿನ ಪ್ರಸಂಗಗಳಲ್ಲಿ, ಮಠವನ್ನು ಬಿಡುವುದನ್ನೇ ಹೊಸ ಕಾನೂನಾಗಿ ಹೇರಬಾರದೆಂದು ತನ್ನ ಬೆಂಬಲಿಗರನ್ನು ಎಚ್ಚರಿಸಿದನು. ತಾನು ಸ್ವತಃ 1524ರ ಅಕ್ಟೋಬರ್‌ವರೆಗೆ ಸನ್ಯಾಸಿಯ ಉಡುಪನ್ನು ಧರಿಸುತ್ತಲೇ ಇದ್ದನು.

ಲೂಥರನ ಬದುಕಿನಲ್ಲಿ ಇದಕ್ಕೆ ಎದುರಾದ ಇನ್ನೊಂದು ಘಟನೆಯಿದೆ, ಸಿಡಿಲಿನ ಕಥೆಯಷ್ಟು ಪ್ರಸಿದ್ಧವಲ್ಲದಿದ್ದರೂ ಈ ವಿಷಯಕ್ಕೆ ಅದಕ್ಕಿಂತ ಮುಖ್ಯವಾದದ್ದು. ಅವನ ಮಠಪರಂಪರೆಯ ಮುಖ್ಯಸ್ಥ ಯೋಹಾನ್ ಶ್ಟೌಪಿಟ್ಸ್ ಅವನನ್ನು ದೇವಶಾಸ್ತ್ರದ ಡಾಕ್ಟರ್ ಪದವಿಗೆ ಸಿದ್ಧವಾಗುವಂತೆ ಒತ್ತಾಯಿಸಿದಾಗ ಲೂಥರ್ ತನ್ನಿಂದಾಗದೆಂದು ಕಾರಣಗಳನ್ನು ಒಡ್ಡಿ ತಪ್ಪಿಸಿಕೊಳ್ಳಲು ನೋಡಿದನು. ಕೊನೆಗೆ ವಿಧೇಯತೆಯಿಂದಲೇ 1512ರ ಅಕ್ಟೋಬರಿನಲ್ಲಿ ಪದವಿಯನ್ನು ಸ್ವೀಕರಿಸಿ, ಪವಿತ್ರ ಗ್ರಂಥವನ್ನು ನಿಷ್ಠೆಯಿಂದ ಬೋಧಿಸುವ ಪ್ರಮಾಣ ಮಾಡಿದನು. ಮುಂದೆ ಇಡೀ ಯುರೋಪು ಅವನಿಗೆ ಯಾವ ಅಧಿಕಾರವಿದೆಯೆಂದು ಕೇಳಿದಾಗ ಅವನು ಮತ್ತೆ ಮತ್ತೆ ಆಶ್ರಯಿಸಿದ್ದು ತಾನು ಬಯಸದೆ, ಇತರರ ಮೂಲಕ, ಸಾರ್ವಜನಿಕವಾಗಿ ಬಂದ ಈ ನೇಮಕವನ್ನೇ. ತಾನೇ ಆರಿಸಿಕೊಂಡ ಹರಕೆಯನ್ನು ಕೈಬಿಟ್ಟವನು ತನ್ನ ಮೇಲೆ ಹೊರಿಸಿದ ಕೆಲಸವನ್ನು ಕೊನೆಯವರೆಗೆ ದೇವರ ಕರೆಯೆಂದು ಹಿಡಿದುಕೊಂಡನು. ಸರಿಯಾದ ಕರೆಯಿಲ್ಲದೆ ಯಾರೂ ಸಭೆಯಲ್ಲಿ ಸಾರ್ವಜನಿಕವಾಗಿ ಬೋಧಿಸಬಾರದೆಂಬ ತತ್ತ್ವ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆಯ 14ನೆಯ ವಿಧಿಯಾಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಇತಿಹಾಸ ಹೆಚ್ಚು ಕ್ರೂರವಾಗಿದೆ. 1525ರಲ್ಲಿ ಲೂಥರನನ್ನು ವರಿಸಿದ ಕಥರೀನಾ ಫೋನ್ ಬೋರಾ ಬಾಲ್ಯದಲ್ಲೇ ಕಾನ್ವೆಂಟಿಗೆ ಸೇರಿಸಲ್ಪಟ್ಟು, 1515ರಲ್ಲಿ ವ್ರತ ಸ್ವೀಕರಿಸಿ, 1523ರ ಪಾಸ್ಕದ ಹೊತ್ತಿನಲ್ಲಿ ಇತರ ಕನ್ಯಾಸ್ತ್ರೀಯರೊಂದಿಗೆ ನಿಂಬ್‌ಶೆನ್ ಮಠದಿಂದ ತಪ್ಪಿಸಿಕೊಂಡವಳು. ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1563ರ ಡಿಸೆಂಬರಿನಲ್ಲಿ ಹದಿನಾರು ವರ್ಷ ತುಂಬುವ ಮೊದಲು, ಮತ್ತು ಒಂದು ವರ್ಷದ ಪರೀಕ್ಷಾವಧಿಯಿಲ್ಲದೆ, ಯಾರೂ ವ್ರತ ಸ್ವೀಕರಿಸಬಾರದೆಂದು ವಿಧಿಸಿತು. ಕನ್ಯೆಯು ಬಲವಂತಕ್ಕೆ ಒಳಗಾಗಿದ್ದಾಳೆಯೇ ಎಂದು ಬಿಷಪ್ ಅಥವಾ ಅವನ ಪ್ರತಿನಿಧಿ ವಿಚಾರಿಸಬೇಕೆಂದಿತು. ಬಲವಂತ ಮಾಡುವವರಿಗೆ ಬಹಿಷ್ಕಾರವನ್ನೂ ಸಾರಿತು. ಆದರೆ ಮದುವೆಯ ವರದಕ್ಷಿಣೆಗಿಂತ ಕಾನ್ವೆಂಟಿಗೆ ಕೊಡಬೇಕಾದ ಹಣ ಕಡಿಮೆಯಿದ್ದ ವೆನಿಸಿನಂಥ ನಗರಗಳಲ್ಲಿ ಶ್ರೀಮಂತ ಕುಟುಂಬಗಳು ಆ ವಿಚಾರಣೆಯನ್ನು ಬರಿಯ ಶಾಸ್ತ್ರವಾಗಿಸಿದವು. ಅಲ್ಲಿನ ಸಂತ ಅನ್ನಳ ಕಾನ್ವೆಂಟಿನಲ್ಲಿ ಇಷ್ಟವಿಲ್ಲದೆ ಜೀವ ಸವೆಸಿದ ಆರ್ಕಾಂಜೆಲಾ ತಾರಾಬೊಟ್ಟಿ (1604–1652) ತಂದೆಯರ ದಬ್ಬಾಳಿಕೆಯನ್ನು ಕುರಿತು ಬರೆದ ಪುಸ್ತಕ ಅವಳು ಸತ್ತ ಎರಡು ವರ್ಷಗಳ ನಂತರವಷ್ಟೇ ಅಚ್ಚಾಯಿತು. ಮನುಷ್ಯರ ಲೆಕ್ಕಾಚಾರವನ್ನು ದೇವರ ಕರೆಯೆಂದು ಹೆಸರಿಸುವ ಪಾಪವನ್ನು ಒಳಗಿನಿಂದ ಕಂಡು ಬರೆದ ಆ ಹೆಣ್ಣುಮಗಳ ಸಾಕ್ಷ್ಯಕ್ಕೆ ಧರ್ಮಸಭೆಯ ಇತಿಹಾಸದಲ್ಲಿ ಇನ್ನೂ ದೊಡ್ಡ ಸ್ಥಾನ ಸಿಗಬೇಕು.

ಲೂಥರ್ ವಾರ್ಟ್‌ಬುರ್ಗಿನಲ್ಲಿದ್ದ 1521ರಲ್ಲೇ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡ ಇಗ್ನೇಷಿಯಸ್ ಲೊಯೋಲಾ ಹಾಸಿಗೆಯಲ್ಲಿ ಮಲಗಿ ಯೇಸುವಿನ ಮತ್ತು ಸಂತರ ಚರಿತ್ರೆಗಳನ್ನು ಓದುತ್ತಿದ್ದನು. ಲೌಕಿಕ ಕೀರ್ತಿಯ ಕನಸುಗಳು ಕಾಣುವಾಗ ಸವಿಯಾಗಿದ್ದು ಆಮೇಲೆ ಮನಸ್ಸನ್ನು ಒಣಗಿಸುತ್ತವೆ, ಸಂತರಂತೆ ಬಾಳುವ ಯೋಚನೆಗಳು ಮುಗಿದ ಮೇಲೂ ನೆಮ್ಮದಿಯನ್ನು ಉಳಿಸುತ್ತವೆ ಎಂಬ ಅವನ ಗಮನಿಕೆಯೇ ಮುಂದೆ ಅವನ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿಯ ಬೀಜವಾಯಿತು. ಆದರೆ ವಿವೇಚನೆ ಅವನಿಗೂ ಒಂದೇ ದಿನದಲ್ಲಿ ಬರಲಿಲ್ಲ. ಮೊಂಸೆರಾತ್ ಕ್ಷೇತ್ರಕ್ಕೆ ಹೋಗುವ ದಾರಿಯಲ್ಲಿ ಮರಿಯಮ್ಮನ ಕನ್ಯತ್ವವನ್ನು ಪೂರ್ತಿಯಾಗಿ ಒಪ್ಪದ ಮುಸ್ಲಿಂ ಪ್ರಯಾಣಿಕನೊಬ್ಬನನ್ನು ಇರಿಯಬೇಕೋ ಬಿಡಬೇಕೋ ಎಂದು ತಿಳಿಯದೆ, ಕವಲುದಾರಿಯಲ್ಲಿ ಹೇಸರಗತ್ತೆಯ ಲಗಾಮನ್ನು ಸಡಿಲಬಿಟ್ಟು ಅದು ಹಿಡಿದ ದಾರಿಯನ್ನೇ ದೇವರ ಇಚ್ಛೆಯೆಂದು ಒಪ್ಪಿದನು. ಹೇಸರಗತ್ತೆ ಬೇರೆ ದಾರಿ ಹಿಡಿದದ್ದರಿಂದ ಒಂದು ಜೀವ ಉಳಿಯಿತು. ಜೀವಮಾನವಿಡೀ ಯೆರೂಸಲೇಮಿನಲ್ಲೇ ಇರುವೆನೆಂಬ ದೃಢಸಂಕಲ್ಪದಿಂದ 1523ರಲ್ಲಿ ಅಲ್ಲಿಗೆ ತಲುಪಿದಾಗ, ಪವಿತ್ರ ಸ್ಥಳಗಳ ಹೊಣೆ ಹೊತ್ತಿದ್ದ ಫ್ರಾನ್ಸಿಸ್ಕನ್ ಮುಖ್ಯಸ್ಥನು ಪೋಪರು ಕೊಟ್ಟ ಅಧಿಕಾರದಿಂದ ಅವನನ್ನು ಹಿಂದಿರುಗುವಂತೆ ಆಜ್ಞಾಪಿಸಿದನು. ಇಗ್ನೇಷಿಯಸ್ ಆ ಆಜ್ಞಾಪತ್ರವನ್ನು ನೋಡಲೂ ಕೇಳದೆ, ತಾನು ಅಲ್ಲಿರುವುದು ದೇವರ ಇಚ್ಛೆಯಲ್ಲವೆಂದು ತಿಳಿದು ಹೊರಟನು.

ಈ ಪಾಠದ ಗುರುತು 1534ರ ಆಗಸ್ಟ್ 15ರಂದು ಪ್ಯಾರಿಸಿನ ಮೊಂಮಾರ್ತ್ ಗುಡ್ಡದಲ್ಲಿ ಅವನೂ ಅವನ ಆರು ಸಂಗಾತಿಗಳೂ ಮಾಡಿದ ವ್ರತದಲ್ಲಿ ಕಾಣುತ್ತದೆ. ಯೆರೂಸಲೇಮಿಗೆ ಹೋಗುವೆವೆಂದು ಅವರು ಮಾತುಕೊಟ್ಟರಾದರೂ, ಹೋಗಲು ಅಥವಾ ಅಲ್ಲಿರಲು ಸಾಧ್ಯವಾಗದಿದ್ದರೆ ಪೋಪರು ಕಳಿಸಿದಲ್ಲಿಗೆ ಹೋಗುವೆವೆಂಬ ಷರತ್ತನ್ನು ವಚನದೊಳಗೇ ಸೇರಿಸಿದರು. ತುರ್ಕರೊಂದಿಗಿನ ಯುದ್ಧದಿಂದ ವೆನಿಸಿನಲ್ಲಿ ಹಡಗು ಸಿಗದೆಹೋದಾಗ ಆ ಷರತ್ತೇ ಅವರ ಬದುಕಿನ ದಾರಿಯಾಯಿತು, ಮತ್ತು ಆ ಏಳು ಜನರಲ್ಲಿ ಒಬ್ಬನಾದ ಫ್ರಾನ್ಸಿಸ್ ಝೇವಿಯರ್ 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದದ್ದು ಅದರ ಫಲ. 1548ರಲ್ಲಿ ಪೋಪರ ಸಮ್ಮತಿ ಪಡೆದ ‘ಸಾಧನೆಗಳ’ ಪೀಠಿಕಾ ಸೂಚನೆಗಳಲ್ಲಿ 14ನೆಯದು, ಸಾಧಕನು ಭಕ್ತಿಯ ಉತ್ಸಾಹದಲ್ಲಿ ಉಕ್ಕುತ್ತಿರುವಾಗ ಅವಸರದ ಯಾವ ವಚನವನ್ನೂ ವ್ರತವನ್ನೂ ಕೈಗೊಳ್ಳದಂತೆ ಮಾರ್ಗದರ್ಶಿಯು ಅವನನ್ನು ತಡೆಯಬೇಕೆನ್ನುತ್ತದೆ. 15ನೆಯದು, ದೇವರು ಸಾಧಕನೊಡನೆ ನೇರವಾಗಿ ವ್ಯವಹರಿಸಲು ಬಿಟ್ಟು ಮಾರ್ಗದರ್ಶಿಯು ತಕ್ಕಡಿಯ ಮುಳ್ಳಿನಂತೆ ಎತ್ತಲೂ ವಾಲದೆ ನಿಲ್ಲಬೇಕೆನ್ನುತ್ತದೆ. ಭಯದ ಹರಕೆಯ ಅಪಾಯವನ್ನು ಲೂಥರ್ ಬಿಡಿಸಿ ತೋರಿಸಿದಂತೆ ಆನಂದದ ಹರಕೆಯ ಅಪಾಯವನ್ನು ಇಗ್ನೇಷಿಯಸ್ ಗುರುತಿಸಿದನು, ಮತ್ತು ಎರಡನೆಯದು ಇನ್ನೂ ನಯವಾದುದರಿಂದ ಅದನ್ನು ಕಾಣಲು ಹೆಚ್ಚಿನ ಅನುಭವ ಬೇಕಿತ್ತು.

ಪ್ರೊಟೆಸ್ಟಂಟ್ ಸಭೆಗಳು ಮಠಗಳನ್ನು ಮುಚ್ಚಿದರೂ ಪ್ರಶ್ನೆ ಮುಚ್ಚಿಹೋಗಲಿಲ್ಲ. ಜರ್ಮನಿಯ ಹರ್ನ್‌ಹುಟ್‌ನ ಮೊರೇವಿಯನ್ ಸಮುದಾಯ ಹದಿನೆಂಟನೆಯ ಶತಮಾನದಲ್ಲಿ ಮದುವೆ ಮತ್ತು ಮಿಶನರಿ ನೇಮಕಗಳನ್ನು ಚೀಟಿ ಎತ್ತಿ ನಿರ್ಧರಿಸುತ್ತಿತ್ತು. ಅವರ ಪ್ರಭಾವಕ್ಕೊಳಗಾಗಿದ್ದ ಜಾನ್ ವೆಸ್ಲಿ 1737ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ತಾನು ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಬೇಕೇ ಎಂಬುದನ್ನು ಮೂರು ಚೀಟಿಗಳ ಮೇಲೆ ಬಿಟ್ಟು, ಆ ಯೋಚನೆಯನ್ನೇ ಬಿಡಬೇಕೆಂಬ ಚೀಟಿ ಬಂದಾಗ ಹಿಂದೆಗೆದನು. ಇಗ್ನೇಷಿಯಸ್ ಹೇಸರಗತ್ತೆಗೆ ಬಿಟ್ಟ ಹೊಣೆಯನ್ನು ಇವರು ಕಾಗದಕ್ಕೆ ಬಿಟ್ಟರೆಂದರೆ ತಪ್ಪಾಗದು.

ಕನ್ನಡನಾಡಿನ ಕರಾವಳಿಗೂ ಈ ಇತಿಹಾಸದಲ್ಲಿ ಪಾಲಿದೆ. ಗೋವೆಯ ಜೋಸೆಫ್ ವಾಜ್ 1677ರಲ್ಲಿ ತನ್ನನ್ನು ಮರಿಯಮ್ಮನ ಶಾಶ್ವತ ದಾಸನೆಂದು ಸಾರುವ ಪತ್ರವೊಂದನ್ನು ಸ್ವಹಸ್ತದಿಂದ ಬರೆದುಕೊಟ್ಟನು. ಅದು ಯಾರೂ ಕೇಳದ, ತಾನಾಗಿ ಮಾಡಿದ ಅರ್ಪಣೆ. ಡಚ್ಚರ ಆಳ್ವಿಕೆಯಲ್ಲಿ ಪಾದ್ರಿಗಳಿಲ್ಲದೆ ಸೊರಗಿದ್ದ ಸಿಂಹಳದ ಕ್ಯಾಥೊಲಿಕರ ಸೇವೆಗೆ ಹೋಗಬೇಕೆಂಬುದು ಅವನ ಹಂಬಲವಾಗಿತ್ತು, ಆದರೆ ಗೋವೆಯ ಧರ್ಮಾಧಿಕಾರಿಗಳು 1681ರಲ್ಲಿ ಅವನನ್ನು ಕಳಿಸಿದ್ದು ಕೆನರಾಕ್ಕೆ. ಅಲ್ಲಿ ಪೋರ್ಚುಗೀಸರ ಅಧೀನದ ಧರ್ಮಾಡಳಿತಕ್ಕೂ ರೋಮಿನಿಂದ ನೇರವಾಗಿ ನೇಮಕವಾದ ಬಿಷಪ್ಪನಿಗೂ ಅಧಿಕಾರದ ಜಗಳ ನಡೆಯುತ್ತಿತ್ತು. ಆ ಜಗಳದ ನಡುವೆಯೇ ಅವನು ಮಂಗಳೂರು, ಬಸ್ರೂರು, ಕುಂದಾಪುರಗಳ ಸುತ್ತ ಮೂರು ವರ್ಷ ದುಡಿದು, ಗೋವೆಗೆ ಹಿಂದಿರುಗಿ, ಮುಂದೆ 1687ರಲ್ಲಿ ವೇಷ ಮರೆಸಿಕೊಂಡು ಸಿಂಹಳದ ಯಾಳ್ಪಾಣವನ್ನು ಸೇರಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡನು. 2015ರಲ್ಲಿ ಅವನನ್ನು ಸಂತನೆಂದು ಘೋಷಿಸಲಾಯಿತು. ತನ್ನ ವಚನವನ್ನು ಪೂರ್ಣವಾಗಿ ಪಾಲಿಸಿಯೂ ಅದರೊಳಗೆ ತನ್ನ ಯೋಜನೆಯನ್ನು ಅಡಗಿಸಿಡದವನ ಉದಾಹರಣೆಯಾಗಿ ವಾಜ್ ನಿಲ್ಲುತ್ತಾನೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಪಿಯೆಟಿಸ್ಟ್ ಪಂಥದ, ಅಂದರೆ ವೈಯಕ್ತಿಕ ಮನಃಪರಿವರ್ತನೆಗೆ ಒತ್ತುಕೊಡುವ ಪ್ರೊಟೆಸ್ಟಂಟ್ ಪಂಥದ ಸಂಸ್ಥೆ. ಅದನ್ನು ಸೇರಬಯಸುವವನು ತನ್ನ ಬದುಕಿನ ಕಥೆಯನ್ನೂ ದೇವರ ಕರೆಯನ್ನು ಅನುಭವಿಸಿದ ಬಗೆಯನ್ನೂ ಬರೆದು ಸಲ್ಲಿಸಬೇಕಿತ್ತು, ಮತ್ತು ಬಾಸೆಲಿನ ಕಮಿಟಿ ಅದನ್ನು ತೂಗಿ ನೋಡುತ್ತಿತ್ತು. ಮಂಗಳೂರಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾಯ ಕೌಂಡಿನ್ಯ ಕೂಡ ಬಾಸೆಲಿನಲ್ಲಿ ಐದು ವರ್ಷ ಓದಿದ ಮೇಲೆ 1851ರಲ್ಲಿ ಗುರುದೀಕ್ಷೆ ಪಡೆದದ್ದು. ಆದರೆ ಇಲ್ಲಿ ಪರೀಕ್ಷೆಯ ಇನ್ನೊಂದು ಅಪಾಯ ತಲೆಯೆತ್ತಿತು: ಕಮಿಟಿಯ ತೀರ್ಮಾನವೇ ದೇವರ ತೀರ್ಮಾನವೆಂಬಂತೆ ನಡೆಯತೊಡಗಿ, ಮಿಶನರಿಗಳ ಮದುವೆಗೂ ಅದರ ಅಪ್ಪಣೆ ಬೇಕಾಯಿತು. ಮುಖವನ್ನೇ ನೋಡಿರದ ವರನಿಗಾಗಿ ಹಡಗು ಹತ್ತಿದ ಎಷ್ಟೋ ಜರ್ಮನ್ ಯುವತಿಯರು ಆ ಮದುವೆಯ ಪ್ರಸ್ತಾಪವನ್ನೇ ದೇವರ ಕರೆಯೆಂದು ಸ್ವೀಕರಿಸಿದ್ದರು. ಅವರ ಧೈರ್ಯ ಮೆಚ್ಚತಕ್ಕದ್ದು. ಆದರೆ ಬೇಡವೆನ್ನಲು ಅವರಿಗೆ ಎಷ್ಟು ಅವಕಾಶವಿತ್ತೆಂಬ ಪ್ರಶ್ನೆಯನ್ನು ಕೇಳದೆ ಆ ಚರಿತ್ರೆಯನ್ನು ಓದುವುದು ನ್ಯಾಯವಲ್ಲ.

ಮಂಗಳೂರಿನ ಇನ್ನೊಂದು ಸಂಸ್ಥೆಯ ಹಿಂದೆ ವ್ರತದೊಳಗಿದ್ದೂ ಬೇರೊಂದು ಕರೆಯನ್ನು ಕೇಳಿದ ಹೆಣ್ಣುಮಗಳಿದ್ದಾಳೆ. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಆಂಗ್ಲಿಕನ್ ಮನೆತನದಲ್ಲಿ ಹುಟ್ಟಿ, ಕ್ಯಾಥೊಲಿಕಳಾಗಿ, ಸಂತ ಜೋಸೆಫರ ಸಹೋದರಿಯರ ಸಂಘವನ್ನು ಸೇರಿ ಕಲ್ಲಿಕೋಟೆಯಲ್ಲಿ ಸೇವೆ ಸಲ್ಲಿಸಿದ ಮದರ್ ವೆರೋನಿಕಾ, ಕಾರ್ಮೆಲ್ ಪಂಥದ ಏಕಾಂತ ಪ್ರಾರ್ಥನೆಗೂ ಭಾರತದ ಹೆಣ್ಣುಮಕ್ಕಳ ಶಿಕ್ಷಣಕ್ಕೂ ಒಟ್ಟಿಗೆ ಸೆಳೆಯಲ್ಪಟ್ಟಳು. ಅವಳು ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದಲ್ಲಿ ಮತ್ತೆ ಹೊಸಬಳಾಗಿ ಕಲಿತು, 1868ರಲ್ಲಿ ಬಯೋನ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಘವನ್ನು ಸ್ಥಾಪಿಸಿದಳು. 1870ರ ನವೆಂಬರಿನಲ್ಲಿ ಅದರ ಸಹೋದರಿಯರು ಮಂಗಳೂರಿಗೆ ಬಂದು ಸಂತ ಆನ್ನರ ಕಾನ್ವೆಂಟನ್ನು ಆರಂಭಿಸಿದರು. ಸ್ಥಾಪಕಿ ಮಾತ್ರ ಬರಲಿಲ್ಲ. 1873ರಲ್ಲಿ ಬಯೋನ್‌ನ ಮನೆ ಮುಚ್ಚಿದಾಗ ಅವಳು ಪೋ ಮಠಕ್ಕೆ ಹಿಂದಿರುಗಿದಳು, 1906ರಲ್ಲಿ ತೀರಿಕೊಂಡಳು. ತನ್ನ ಕೈಯಿಂದ ಆಗಬೇಕಾದದ್ದು ಇಷ್ಟೇ ಎಂದು ಒಪ್ಪಿಕೊಳ್ಳುವುದೂ ಕರೆಯ ಭಾಗವೇ ಎಂದು ಅವಳ ಬಾಳನ್ನು ಓದಿದವರಿಗೆ ಅನಿಸದೆ ಇರದು.

ಇಂದು ಕ್ಯಾಥೊಲಿಕ್ ಸಭೆಯಲ್ಲಿ ಜಾರಿಯಲ್ಲಿರುವ 1983ರ ಧರ್ಮಸಂಹಿತೆ ಈ ಎಲ್ಲ ಅನುಭವದ ಸಾರವನ್ನು ಸೋಸಿ ಉಳಿಸಿಕೊಂಡಿದೆ. ಹದಿನೇಳು ವರ್ಷ ತುಂಬುವ ಮೊದಲು ನೊವಿಷಿಯೇಟಿಗೆ ಪ್ರವೇಶವಿಲ್ಲ. ಅದಾದ ಮೇಲೂ ಕನಿಷ್ಠ ಮೂರು ವರ್ಷ ತಾತ್ಕಾಲಿಕ ವ್ರತದಲ್ಲಿದ್ದು, ಇಪ್ಪತ್ತೊಂದು ತುಂಬಿದವರಷ್ಟೇ ಜೀವಾವಧಿಯ ವ್ರತವನ್ನು ಸ್ವೀಕರಿಸಬಹುದು. ಅನ್ಯಾಯವಾಗಿ ಹುಟ್ಟಿಸಿದ ಗಂಭೀರ ಭಯದಿಂದ ಅಥವಾ ಮೋಸದಿಂದ ಮಾಡಿದ ಹರಕೆ ತಾನಾಗಿ ಅಸಿಂಧುವೆಂದು ಅದರ 1191ನೆಯ ವಿಧಿ ಸಾರುತ್ತದೆ. ಆದರೆ ಸಿಡಿಲು ಯಾರ ಅನ್ಯಾಯವೂ ಅಲ್ಲ, ಕಾಯಿಲೆಯೂ ಅಲ್ಲ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಕ್ಷೇತ್ರಕ್ಕೆ ಕ್ರೈಸ್ತರೂ ಇತರ ಮತದವರೂ ಹೊತ್ತು ತರುವ ಮೋಂಬತ್ತಿಯ ಹರಕೆಗಳಿಂದ ಹಿಡಿದು, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಮಗನನ್ನು ಪಾದ್ರಿ ಮಾಡುವೆನೆಂದು ತಾಯಿ ಕೊಡುವ ಮಾತಿನವರೆಗೆ, ಹೆಚ್ಚಿನ ಹರಕೆಗಳು ಹುಟ್ಟುವುದು ಯಾರೂ ಹೊಣೆಯಲ್ಲದ ಇಂಥ ಭಯದಲ್ಲಿ. ತಾಯಿಯ ಮಾತು ಮಗನನ್ನು ಕಟ್ಟುವುದಿಲ್ಲ, ಏಕೆಂದರೆ ಹರಕೆ ಅದನ್ನು ಹೊತ್ತವರನ್ನು ಮಾತ್ರ ಬಂಧಿಸುತ್ತದೆಂದು 1193ನೆಯ ವಿಧಿ ಹೇಳುತ್ತದೆ; ಗಾಟ್‌ಶಾಕ್ ಮೈನ್ಸ್‌ನಲ್ಲಿ ಕೇಳಿದ್ದು ಇದನ್ನೇ. ಸ್ವತಃ ಹೊತ್ತ ಖಾಸಗಿ ಹರಕೆಯ ಭಾರದಿಂದ ನ್ಯಾಯವಾದ ಕಾರಣವಿದ್ದಾಗ ಬಿಡುಗಡೆ ಕೊಡುವ ಅಧಿಕಾರವನ್ನು 1196ನೆಯ ವಿಧಿ ಪೋಪ್ ಮತ್ತು ಬಿಷಪ್ಪರ ಜೊತೆಗೆ ಊರಿನ ಚರ್ಚಿನ ವಿಚಾರಣಾ ಗುರುವಿಗೂ ಕೊಟ್ಟಿದೆ. ಹರಕೆಯ ಹೊರೆಯಿಂದ ನಿದ್ದೆಗೆಟ್ಟವರು ಹೋಗಿ ಮಾತಾಡಬಹುದಾದ ಆ ಬಾಗಿಲು ಇಷ್ಟು ಹತ್ತಿರದಲ್ಲಿದೆಯೆಂಬುದು ಹೆಚ್ಚಿನ ವಿಶ್ವಾಸಿಗಳಿಗೆ ತಿಳಿದಿಲ್ಲ, ಅದನ್ನು ತಿಳಿಸುವ ಕೆಲಸ ಚರ್ಚಿನ ಪ್ರಸಂಗಪೀಠದಿಂದಲೇ ಆಗಬೇಕಾಗಿದೆ.